ಕಾಗದವಿಲ್ಲದ ಕಾಗದ

ರೈತನಿಗೂ ಸರ್ಕಾರಕ್ಕೂ ಇರುವ ಸಂಬಂಧ ಬಹುಮಟ್ಟಿಗೆ ಕಾಗದದ ಸಂಬಂಧ. ಪಹಣಿ ಇಲ್ಲದೆ ಸಾಲವಿಲ್ಲ. ಜಾತಿ, ಆದಾಯದ ಪ್ರಮಾಣಪತ್ರಗಳಿಲ್ಲದೆ ವಿದ್ಯಾರ್ಥಿವೇತನವಿಲ್ಲ. ಇವುಗಳಿಗಾಗಿ ಹೊರಕೆರೆದೇವಪುರದ ಸುತ್ತಿನವರು ಹೊಳಲ್ಕೆರೆಯ ತಾಲ್ಲೂಕು ಕಚೇರಿಗೆ ಎಡತಾಕಿದ ಕಾಲ ಹಿರಿಯರಿಗೆ ಮರೆತಿಲ್ಲ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಆಗ 15 ರೂಪಾಯಿಗೆ ಅಚ್ಚಾದ ಪಹಣಿ ದೊರೆಯತೊಡಗಿತು. ಇಂದು ಹಲವು ಪತ್ರಗಳು ಪಿಡಿಎಫ್ ಎಂಬ ರೂಪದಲ್ಲಿ ಮೊಬೈಲಿಗೇ ಬರುತ್ತವೆ.

ಕಲಾ ವಿಭಾಗದವರಿಗೆ ಈ ಚರ್ಚೆ ಏಕೆಂದು ಕೆಲವರು ಕೇಳಬಹುದು. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನಾವೇ ಮೊದಲಿಗರು. ಬಂದ ಪತ್ರ ನಿಜವೋ ಸುಳ್ಳೋ ಎಂದು ಮನೆಯವರು ನಮ್ಮನ್ನೇ ಕೇಳುತ್ತಾರೆ. ಉತ್ತರ ಹೇಳಬೇಕಾದರೆ ಆ ಪತ್ರದ ಹುಟ್ಟನ್ನು ತಿಳಿದಿರಬೇಕು.

ಬೆಂಗಳೂರಿನಲ್ಲಿ 2009ರಲ್ಲಿ ಆರಂಭವಾದ ಆದಾಯ ತೆರಿಗೆ ಇಲಾಖೆಯ ಕೇಂದ್ರೀಕೃತ ಸಂಸ್ಕರಣ ಕೇಂದ್ರವನ್ನು ನೋಡೋಣ. ದೇಶದ ತೆರಿಗೆ ವಿವರಗಳನ್ನು ಪರಿಶೀಲಿಸಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾದ ತಿಳಿವಳಿಕೆ ಪತ್ರವನ್ನು ಅದು ಪಿಡಿಎಫ್ ಮಾಡಿ ಇ-ಮೇಲಿನಲ್ಲಿ ಕಳುಹಿಸುತ್ತದೆ. ಪ್ಯಾನ್ ಸಂಖ್ಯೆಯನ್ನು ಸಣ್ಣಕ್ಷರದಲ್ಲಿಯೂ ಅದರ ಮುಂದೆ ಜನ್ಮದಿನಾಂಕವನ್ನೂ ಬರೆದರೆ ಮಾತ್ರ ಪತ್ರ ತೆರೆಯುತ್ತದೆ. ಇಂಥ ಪತ್ರಗಳನ್ನು ಸಿದ್ಧಪಡಿಸಲು ಎರಡು ಮಾರ್ಗಗಳಿವೆ.

ಮೊದಲನೆಯದು, ಪತ್ರವನ್ನು ಕಡತವಾಗಿ ಡಿಸ್ಕಿನಲ್ಲಿ ಬರೆದಿಟ್ಟು, ಅಲ್ಲಿಂದ ಎತ್ತಿ ಕಳುಹಿಸುವುದು. ಇದರಲ್ಲಿ ಅಪಾಯಗಳುಂಟು. ಏಕಕಾಲಕ್ಕೆ ಬಂದ ಇಬ್ಬರ ಪತ್ರಗಳಿಗೆ ಒಂದೇ ಹೆಸರು ಬಿದ್ದರೆ ಒಬ್ಬರದು ಇನ್ನೊಬ್ಬರಿಗೆ ಹೋದೀತು. ಕಳುಹಿಸಿದ ಮೇಲೆ ಅಳಿಸದಿದ್ದರೆ ಯಾರದೋ ಆದಾಯ, ಯಾರದೋ ಜಾತಿ ಅಲ್ಲಿಯೇ ಉಳಿದು ಅನ್ಯರ ಕೈಗೆ ಸಿಕ್ಕೀತು.

ಎರಡನೆಯದು, ಯಂತ್ರದ ಮೆಮೊರಿಯಲ್ಲಿಯೇ ಪತ್ರವನ್ನು ರಚಿಸುವುದು. ಡಿಸ್ಕು ಲೆಕ್ಕದ ಪುಸ್ತಕವಾದರೆ ಮೆಮೊರಿ ಸ್ಲೇಟು: ಬರೆದು, ತೋರಿಸಿ, ಒರೆಸಬಹುದು. ದತ್ತಾಂಶದಿಂದ ಹೆಸರು, ಊರು, ಮೊತ್ತಗಳನ್ನು ತೆಗೆದುಕೊಂಡು ಪುಟವನ್ನು ಬೈಟುಗಳ ಸಾಲಾಗಿ ಮೆಮೊರಿಯಲ್ಲಿ ಬರೆಯಲಾಗುತ್ತದೆ. ಪಿಡಿಎಫ್‌ನಲ್ಲಿ ಯಾವ ಅಂಶ ಎಷ್ಟನೆಯ ಬೈಟಿನಲ್ಲಿದೆಯೆಂಬ ಪಟ್ಟಿಯು ಕೊನೆಯಲ್ಲಿರುವುದರಿಂದ, ಪತ್ರ ಸಂಪೂರ್ಣವಾದ ಮೇಲೆಯೇ ಅದನ್ನು ಅಂಚೆಗೆ ಕೊಡಬೇಕು. ಬರೆದು ಮುಗಿದಾಗ ಯಂತ್ರದ ‘ಬೆರಳು’ ಸಾಲಿನ ಕೊನೆಯಲ್ಲಿರುತ್ತದೆ. ಅದನ್ನು ಮೊದಲಿಗೆ ತಾರದೆ ಓದಿದರೆ ಬರಿದಾದ ಲಗತ್ತು ಹೋಗುತ್ತದೆ.

ಇ-ಮೇಲು ಮೂಲತಃ ಸಾದಾ ಅಕ್ಷರಗಳಿಗಾಗಿ ಹುಟ್ಟಿದುದು. ಲಗತ್ತುಗಳನ್ನು ಸೇರಿಸುವ ‘ಮೈಮ್’ ಎಂಬ ನಿಯಮಾವಳಿ ಪ್ರಕಟವಾದದ್ದು 1992ರಲ್ಲಿ. ಅದರ ಒಂದು ಕ್ರಮದಂತೆ ಪ್ರತಿ 3 ಬೈಟುಗಳನ್ನು 64 ಚಿಹ್ನೆಗಳ ಪೈಕಿ 4 ಚಿಹ್ನೆಗಳಾಗಿ ಬದಲಿಸುತ್ತಾರೆ. ಆದುದರಿಂದ 300 ಕಿಲೋಬೈಟಿನ ಪತ್ರ ದಾರಿಯಲ್ಲಿ ಸುಮಾರು 400 ಆಗುತ್ತದೆ. ತಲುಪಿದ ಮೇಲೆ ಮೊದಲಿನಂತಾಗುತ್ತದೆ.

ಸ್ಲೇಟಿಗೂ ಮಿತಿಯುಂಟು. ಫಲಿತಾಂಶದ ದಿನದಂತೆ ಸಾವಿರಾರು ಜನ ಒಮ್ಮೆಗೇ ಕೇಳಿದರೆ ಮೆಮೊರಿ ತುಂಬುತ್ತದೆ. ವಿದ್ಯುತ್ತು ಹೋದರೆ ಬರೆದದ್ದೆಲ್ಲ ಅಳಿಯುತ್ತದೆ. ಇದಕ್ಕೆ ಪರಿಹಾರವೆಂದರೆ, ಕೋರಿಕೆಯನ್ನು ಮೊದಲು ದತ್ತಾಂಶದಲ್ಲಿ ದಾಖಲಿಸಿ, ಸರದಿಯಂತೆ ಒಂದೊಂದಾಗಿ ಪತ್ರ ಮಾಡುವುದು. ಪತ್ರ ಅಳಿದರೂ ಕೋರಿಕೆ ಉಳಿದಿರುವುದರಿಂದ ಮತ್ತೆ ಬರೆಯಬಹುದು.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ‘ಹೊಳಲ್ಕೆರೆ’ ಎಂಬ ಹೆಸರನ್ನೇ ನೋಡಿ. ಯಂತ್ರದಲ್ಲಿ ಲಕಾರ, ಅರ್ಧಾಕ್ಷರದ ಗುರುತು, ಕಕಾರ, ಎತ್ವ ಎಂಬ ಕ್ರಮವಿರುತ್ತದೆ. ಕಾಗದದ ಮೇಲಾದರೋ ಎತ್ವ ಲಕಾರದ ತಲೆಗೆ ಏರಬೇಕು, ಕಕಾರ ಒತ್ತಾಗಿ ಕೆಳಗಿಳಿಯಬೇಕು. ಈ ಜೋಡಣೆಯನ್ನು ಅರಿಯದ ತಂತ್ರಾಂಶ ಊರಿನ ಹೆಸರನ್ನೇ ಮುರಿಯುತ್ತದೆ. ಅಕ್ಷರಶೈಲಿಯನ್ನು ಪತ್ರದೊಳಗೇ ಅಡಕಮಾಡದಿದ್ದರೆ ಓದುವವರಿಗೆ ಬರಿಯ ಚೌಕಗಳು ಕಂಡಾವು. ಹೆಸರಿನ ಒಂದು ಒತ್ತು ತಪ್ಪಿದರೂ ಅರ್ಜಿ ಹಿಂದಿರುಗುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಇನ್ನು ನಿಜ ಸುಳ್ಳಿನ ಪ್ರಶ್ನೆ. ಇ-ಮೇಲಿನಲ್ಲಿ ಕಳುಹಿಸಿದವರ ಹೆಸರನ್ನು ಯಾರಾದರೂ ಸೃಷ್ಟಿಸಬಹುದು. ಮುದ್ರೆಯ ಚಿತ್ರವನ್ನು ಅಂಟಿಸಬಹುದು. ಗುಪ್ತಪದವು ಅನ್ಯರು ಓದದಂತೆ ತಡೆದೀತೇ ಹೊರತು ಪತ್ರದ ಸಾಚಾತನವನ್ನು ಸಾಧಿಸದು. ಅದನ್ನು ಸಾಧಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಮಾನ್ಯಮಾಡಿದ ಡಿಜಿಟಲ್ ಸಹಿ. ಸಹಿಯಾದ ಭಾಗದಲ್ಲಿ ಒಂದು ಬೈಟು ಬದಲಾದರೂ ಪರಿಶೀಲನೆಯಲ್ಲಿ ಅದು ಬಯಲಾಗುತ್ತದೆ. ಆದರೆ ಅಂಥ ಪತ್ರವನ್ನು ಅಚ್ಚುಹಾಕಿಸಿದರೆ ಸಹಿಯ ಬಲವು ಕಾಗದಕ್ಕೆ ಬರುವುದಿಲ್ಲ. ಮೂಲ ಪಿಡಿಎಫನ್ನೇ ಜೋಪಾನ ಮಾಡಬೇಕು.

ಹಿಂದೆ ಕಾಗದ ಓದಬಲ್ಲವನು ಊರಿಗೆ ಉಪಕಾರಿಯಾಗಿದ್ದನು. ಇಂದು ಓದಿದರಷ್ಟೇ ಸಾಲದು, ಪರೀಕ್ಷಿಸಲೂ ಬರಬೇಕು. ಪದವಿ ಪಡೆದು ಹಳ್ಳಿಗೆ ಮರಳುವ ನಮ್ಮ ಮಿತ್ರರು ಇದಿಷ್ಟನ್ನು ಮನೆಯವರಿಗೆ ತಿಳಿಸಿಕೊಟ್ಟರೆ, ನಮ್ಮ ಓದಿಗಾಗಿ ಅವರು ಪಟ್ಟ ಶ್ರಮಕ್ಕೆ ಕಿಂಚಿತ್ತಾದರೂ ಪ್ರತಿಫಲ ಸಂದೀತು.