ಮೊದಲಕ್ಷರವೇ ಹೆಸರಾದ ಹಾಡುಗಳು

ನಮ್ಮ ದಾಸರ ಪದಗಳಿಗಾಗಲಿ ಶರಣರ ವಚನಗಳಿಗಾಗಲಿ ಕರ್ತೃಗಳು ಇಟ್ಟ ಹೆಸರುಗಳಿಲ್ಲ. ಮೊದಲ ಮಾತೇ ಅವುಗಳ ಹೆಸರು. ಸಂಗ್ರಹಗ್ರಂಥದ ಕೊನೆಯ ಅಕಾರಾದಿಯನ್ನು ತೆರೆದು, 'ಇ'ಯ ಕೆಳಗೋ 'ನ'ದ ಕೆಳಗೋ ಬೆರಳಾಡಿಸಿ ಬೇಕಾದುದನ್ನು ಹುಡುಕಿಕೊಳ್ಳುತ್ತೇವೆ. ಮೊದಲಕ್ಷರವು ಹಾಡಿನ ಬಾಗಿಲಿಗೆ ಹಾಕಿದ ಚಿಲಕದಂತೆ. ಈ ಚಿಲಕವನ್ನು ಬೆರಳಿನಿಂದಲ್ಲದೆ ಕಿವಿಯಿಂದಲೇ ತೆಗೆಯುವ ವಿದ್ಯೆಯೊಂದನ್ನು ಜಪಾನಿನ ಜನ ಬೆಳೆಸಿಕೊಂಡು ಬಂದಿದ್ದಾರೆ. ಕೇಳುವುದರಲ್ಲಿಯೇ ಸುಖ ಕಾಣುವ ಬಾನುಲಿಯ ಶ್ರೋತೃಗಳಿಗೆ ಅದರ ಪರಿಚಯ ರುಚಿಸೀತೆಂದು ನಂಬಿದ್ದೇನೆ.

ಜಪಾನೀ ಭಾಷೆಯಲ್ಲಿ 'ಉತ' ಎಂಬ ಒಂದೇ ಮಾತಿಗೆ ಹಾಡು, ಪದ್ಯ ಎರಡೂ ಅರ್ಥ. ಅವರ ಪ್ರಾಚೀನ ಪದ್ಯಜಾತಿಯಲ್ಲಿ ಒಟ್ಟು 31 ಅಕ್ಷರಗಳು. 5, 7, 5, 7, 7 ಎಂದು ಐದು ಪಾದಗಳು. ಪ್ರಾಸದ ಕಟ್ಟಿಲ್ಲ, ಗಣದ ಕಟ್ಟಿಲ್ಲ, ಎಣಿಕೆಯೇ ಛಂದಸ್ಸು. ಇಂಥ ನೂರು ಪದ್ಯಗಳನ್ನು, ನೂರು ಮಂದಿ ಕವಿಗಳಿಂದ ತಲಾ ಒಂದರಂತೆ ಆಯ್ದು ಕೊಟ್ಟವನು ಫುಜಿವಾರ ನೊ ತೇಯ್ಕಾ (1162-1241) ಎಂಬ ಕವಿ, ವಿದ್ವಾಂಸ. ಆ ಸಂಕಲನದ ಹೆಸರು 'ಹ್ಯಾಕುನಿನ್ ಇಶ್ಶು', ಎಂದರೆ 'ನೂರು ಜನ, ಒಂದೊಂದು ಪದ್ಯ'. ನೂರರಲ್ಲಿ 21 ಮಂದಿ ಸ್ತ್ರೀಯರು. ಪ್ರಣಯವೇ ವಸ್ತುವಾದ ಪದ್ಯಗಳು 43. ಈ ಪದ್ಯಗಳಿಗೂ ಹೆಸರಿಲ್ಲ. ಮೊದಲ ಪಾದದಿಂದಲೇ ಅವುಗಳ ಗುರುತು.

ಯೂರೋಪಿನ ಇಸ್ಪೀಟೆಲೆಗಳು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರೊಡನೆ ಜಪಾನಿಗೆ ಬಂದವು. ಅವರ 'ಕಾರ್ತಾ' ಎಂಬ ಮಾತು ಜಪಾನೀಯರ ಬಾಯಲ್ಲಿ 'ಕರುತ' ಆಯಿತು. ಮುಂದೆ ಈ ನೂರು ಪದ್ಯಗಳೂ ಎಲೆಗಳ ಮೇಲೆ ಹತ್ತಿದವು. ಓದುವ ಎಲೆ ನೂರು, ಹಿಡಿಯುವ ಎಲೆ ನೂರು. ಓದುವ ಎಲೆಯಲ್ಲಿ ಕವಿಯ ಚಿತ್ರವೂ ಇಡೀ ಪದ್ಯವೂ ಇರುತ್ತವೆ. ಹಿಡಿಯುವ ಎಲೆಯಲ್ಲಿ ಇರುವುದು ಕೊನೆಯ ಎರಡು ಪಾದಗಳು ಮಾತ್ರ. ಓದುಗ ಪದ್ಯವನ್ನು ಮೊದಲಿಂದ ರಾಗವಾಗಿ ಹೇಳತೊಡಗುತ್ತಾನೆ; ಆಟಗಾರರು ನೆಲದ ಮೇಲೆ ಹರಡಿದ ಎಲೆಗಳಲ್ಲಿ ಅದರ ಉತ್ತರಾರ್ಧವನ್ನು ಹುಡುಕಿ ಹಿಡಿಯಬೇಕು. ಕಿವಿಗೆ ಬೀಳುವುದು ತಲೆ, ಕಣ್ಣಿಗೆ ಕಾಣುವುದು ಬಾಲ. ನಡುವೆ ಸೇತುವೆಯಾಗುವುದು ಕಂಠಪಾಠ. ಹೊಸ ವರ್ಷದ ದಿನಗಳಲ್ಲಿ ಮನೆಮಂದಿಯೆಲ್ಲ ಸುತ್ತ ಕುಳಿತು ಇದನ್ನು ಆಡುವ ವಾಡಿಕೆಯುಂಟು.

ಇನ್ನು ಮೊದಲಕ್ಷರದ ಮಾತು. ಒಂದು ಪದ್ಯವನ್ನು ಉಳಿದ ತೊಂಬತ್ತೊಂಬತ್ತರಿಂದ ಬೇರ್ಪಡಿಸಲು ಎಷ್ಟು ಅಕ್ಷರ ಕೇಳಬೇಕೋ ಅಷ್ಟಕ್ಕೆ 'ಕಿಮರಿಜಿ' ಎಂದು ಹೆಸರು. 'ನಿರ್ಣಯಾಕ್ಷರ' ಎಂದು ನಾವು ಹೇಳಬಹುದು. ಏಳು ಪದ್ಯಗಳಿಗೆ ಒಂದೇ ಒಂದು ಅಕ್ಷರ ಸಾಕು: ಮು, ಸು, ಮೆ, ಫು, ಸ, ಹೊ, ಸೆ. ಇವುಗಳಿಂದ ಆರಂಭವಾಗುವ ಪದ್ಯ ನೂರರಲ್ಲಿ ಒಂದೊಂದೇ ಇರುವುದೇ ಇದಕ್ಕೆ ಕಾರಣ. ಅಲ್ಲಿನ ಮಕ್ಕಳು ಇದನ್ನು 'ಮುಸುಮೆ ಫುಸಹೊಸೆ' ಎಂದು ಸೂತ್ರದಂತೆ ಉರುಹೊಡೆಯುತ್ತಾರೆ. 'ಮುಸುಮೆ' ಎಂದರೆ ಮಗಳು. ಹೀಗಾಗಿ ಸೂತ್ರ ಬಾಯಲ್ಲಿ ಸುಲಭವಾಗಿ ನಿಲ್ಲುತ್ತದೆ.

ಈ ಏಳು ಅಕ್ಷರಗಳ ಹಿಂದೆ ಏನೇನಿದೆ ನೋಡಿ. 'ಮು' ಎಂದರೆ ಜಾಕುರೆನ್ ಎಂಬ ಭಿಕ್ಷುವಿನ ಪದ್ಯ: ಮಳೆ ಸುರಿದು ಹೋಗಿದೆ, ಎಲೆಯ ಹನಿ ಇನ್ನೂ ಆರಿಲ್ಲ, ಆಗಲೇ ಮಂಜು ಮೇಲೇಳುತ್ತಿದೆ. 'ಸು' ಎಂದರೆ ಕನಸಿನ ದಾರಿಯಲ್ಲಿಯೂ ಜನರ ಕಣ್ಣಿಗೆ ಅಂಜುವ ಪ್ರೇಮ. 'ಮೆ' ಎಂದರೆ 'ಗೆಂಜಿ'ಯ ಕಥೆಯನ್ನು ಬರೆದ ಮುರಸಾಕಿ ಶಿಕಿಬು: ಬಹುಕಾಲದ ಮೇಲೆ ಕಂಡ ಗೆಳತಿ, ಗುರುತು ಹಿಡಿಯುವಷ್ಟರಲ್ಲಿ ಮೋಡದ ಮರೆಗೆ ಸರಿದ ಚಂದ್ರನಂತೆ ಹೋಗಿಬಿಟ್ಟಳು. 'ಫು' ಎಂಬುದರಲ್ಲಿ ನಮ್ಮ ಶ್ಲೇಷಪ್ರಿಯರು ಮೆಚ್ಚುವ ಚಮತ್ಕಾರವಿದೆ: ಬೆಟ್ಟವೆಂಬ ಲಿಪಿಚಿಹ್ನೆಯ ಕೆಳಗೆ ಗಾಳಿಯೆಂಬ ಚಿಹ್ನೆಯನ್ನು ಬರೆದರೆ ಬಿರುಗಾಳಿಯೆಂಬ ಚಿಹ್ನೆಯಾಗುತ್ತದೆ. 'ಸ' ಎಂದರೆ ರ್‍ಯೋಜೆನ್ ಭಿಕ್ಷು: ಒಂಟಿತನ ತಾಳಲಾರದೆ ಗುಡಿಸಲಿನಿಂದ ಹೊರಗೆ ಬಂದರೆ, ಎತ್ತ ನೋಡಿದರೂ ಅದೇ ಶರತ್ಕಾಲದ ಮುಸ್ಸಂಜೆ. 'ಹೊ' ಎಂದರೆ ಕೋಗಿಲೆಯ ಜಾತಿಯ ಹಕ್ಕಿಯೊಂದು ಕೂಗಿದತ್ತ ನೋಡಿದರೆ ಅಲ್ಲಿ ಉಳಿದಿರುವುದು ಬೆಳಗಿನ ಚಂದ್ರ ಮಾತ್ರ. 'ಸೆ' ಎಂದರೆ ಸುತೊಕು ಚಕ್ರವರ್ತಿ: ಬಂಡೆಗೆ ಬಡಿದು ಕವಲೊಡೆದ ಹೊಳೆಯಂತೆ ನಾವು ಮತ್ತೆ ಕೂಡಿಯೇ ಕೂಡುವೆವು. ಹೀಗೆ ಹಾಡಿದವನು 1156ರ ಅಂತಃಕಲಹದಲ್ಲಿ ಸೋತು, ಗಡೀಪಾರಾಗಿ, 1164ರಲ್ಲಿ ದೂರದ್ವೀಪದಲ್ಲೇ ತೀರಿಕೊಂಡನು.

ಉಳಿದ ಪದ್ಯಗಳು ಇಷ್ಟು ಬೇಗ ಗುರುತು ಕೊಡುವುದಿಲ್ಲ. 42 ಪದ್ಯಗಳಿಗೆ ಎರಡಕ್ಷರ ಬೇಕು, 37ಕ್ಕೆ ಮೂರು, 6ಕ್ಕೆ ನಾಲ್ಕು, 2ಕ್ಕೆ ಐದು. ಮಿಕ್ಕ ಆರು ಪದ್ಯಗಳು ಮೂರು ಜೋಡಿಗಳು. ಪ್ರತಿ ಜೋಡಿಯಲ್ಲಿಯೂ ಮೊದಲ ಪಾದದ ಐದಕ್ಷರಗಳೂ ಒಂದೇ. ಆರನೆಯ ಅಕ್ಷರ ಬೀಳುವತನಕ ಉಸಿರು ಬಿಗಿಹಿಡಿದು ಕಾಯಬೇಕು. 'ಅ'ಕಾರದಿಂದ ಆರಂಭವಾಗುವ ಪದ್ಯಗಳೇ 16 ಇವೆ. ಇನ್ನೂ ಒಂದು ಸ್ವಾರಸ್ಯವೆಂದರೆ ನಿರ್ಣಯಾಕ್ಷರವು ಆಟ ನಡೆದಂತೆಲ್ಲ ಬದಲಾಗುತ್ತದೆ. 'ತ್ಸು' ಎಂಬುದರಿಂದ ಆರಂಭವಾಗುವ ಪದ್ಯಗಳು ಎರಡು. ಒಂದನ್ನು ಓದಿ ಮುಗಿಸಿದ್ದಾದರೆ ಮತ್ತೊಂದಕ್ಕೆ 'ತ್ಸು' ಒಂದೇ ಸಾಕು. ಆದ್ದರಿಂದ ಆಡುವವನು ಕೇಳಲಿರುವುದಕ್ಕೆ ಕಿವಿಗೊಡುವುದರ ಜೊತೆಗೆ ಈಗಾಗಲೇ ಕೇಳಿದ್ದನ್ನೂ ಮರೆಯುವಂತಿಲ್ಲ.

1904ರಲ್ಲಿ ಕುರೊಇವಾ ರುಇಕೋ ಎಂಬ ಪತ್ರಿಕೋದ್ಯಮಿಯ ಪ್ರಯತ್ನದಿಂದ ಇದಕ್ಕೆ ಪಂದ್ಯದ ನಿಯಮಗಳು ಒದಗಿದವು. ಇಬ್ಬರು ಎದುರುಬದುರು ಕುಳಿತು 25-25 ಎಲೆಗಳನ್ನು ಹರಡಿಕೊಳ್ಳುತ್ತಾರೆ. ಅವು ಎಲ್ಲೆಲ್ಲಿವೆಯೆಂದು ಮನಸ್ಸಿಗೆ ತಂದುಕೊಳ್ಳಲು 15 ನಿಮಿಷ. ನೂರರಲ್ಲಿ ಉಳಿದ 50 ಎಲೆಗಳು ಹೊರಗಿರುತ್ತವೆ. ಆದರೆ ಓದುಗ ಅವನ್ನೂ ಓದುತ್ತಾನೆ. ನೆಲದ ಮೇಲಿಲ್ಲದ ಪದ್ಯ ಬಂದಾಗ ಎಲೆ ಮುಟ್ಟಿದರೆ ತಪ್ಪು. ಕೈ ಚಾಚುವುದೆಷ್ಟು ಮುಖ್ಯವೋ ಕೈ ತಡೆಯುವುದೂ ಅಷ್ಟೇ ಮುಖ್ಯ. ಓತ್ಸು ನಗರದ ಓಮಿ ದೇವಾಲಯದಲ್ಲಿ ಪ್ರತಿ ಜನವರಿಯಲ್ಲಿ ಅಗ್ರಪಟ್ಟಕ್ಕಾಗಿ ಪಂದ್ಯ ನಡೆಯುತ್ತದೆ. ಆ ದೇವಾಲಯ ತೆಂಜಿ ಚಕ್ರವರ್ತಿಯದು. ನೂರರಲ್ಲಿ ಮೊದಲ ಪದ್ಯವೂ ಅವನದೇ.

ಅಕ್ಷರಗಳ ಮಾತು ಬಂದಾಗ ನಮಗೆ ಹತ್ತಿರದ ವಿಷಯವೊಂದನ್ನು ಬಿಡಲಾಗದು. ಇಂದಿನ ಜಪಾನೀ ಅಕಾರಾದಿಯ ಕ್ರಮ ಹೀಗಿದೆ: ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಇದು ನಮ್ಮ ವರ್ಣಮಾಲೆಯ ನಡೆಯೇ. ಬೌದ್ಧ ಸೂತ್ರಗಳಿಗಾಗಿ ಸಂಸ್ಕೃತವನ್ನೂ ಸಿದ್ಧಮಾತೃಕಾ ಲಿಪಿಯನ್ನೂ ಅಭ್ಯಾಸಮಾಡಿದ ಭಿಕ್ಷುಗಳ ಮೂಲಕ ಈ ಕ್ರಮ ಅಲ್ಲಿ ನೆಲೆಗೊಂಡಿತು. ಚವರ್ಗದ ಸ್ಥಾನದಲ್ಲಿ 'ಸ', ಪವರ್ಗದ ಸ್ಥಾನದಲ್ಲಿ 'ಹ' ಕುಳಿತಿರುವುದೇಕೆ? ಅವರ 'ಸ' ಹಿಂದೆ ಚಕಾರಕ್ಕೆ ಸಮೀಪವಾಗಿಯೂ 'ಹ' ಹಿಂದೆ ಪಕಾರವಾಗಿಯೂ ಇದ್ದುವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹಳಗನ್ನಡದ 'ಪಾಲ್' ಹೊಸಗನ್ನಡದಲ್ಲಿ 'ಹಾಲು' ಆದುದನ್ನು ಬಲ್ಲ ನಮಗೆ ಇದು ಆಶ್ಚರ್ಯವಲ್ಲ. ಎರಡು ಭಾಷೆಗಳಿಗೆ ನೆಂಟಸ್ತನವಿಲ್ಲದಿದ್ದರೂ ಎರಡು ನಾಲಗೆಗಳು ಒಂದೇ ದಾರಿಯಲ್ಲಿ ಸಾಗಿದವು.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಒಂದಕ್ಷರ ಕೇಳಿ ಎಲೆಯನ್ನು ಬಡಿದು ಹಾರಿಸುವವನಿಗೆ ಕಾವ್ಯದ ಗೊಡವೆ ಎಲ್ಲಿಯದು? ಮುರಸಾಕಿಯ ವಿರಹ ಬರಿಯ 'ಮೆ' ಆಗಿಬಿಟ್ಟರೆ ರಸದ ಗತಿಯೇನು? ಇದು ಬರಿಯ ತರ್ಕವಲ್ಲ. ಅರ್ಥವಿಲ್ಲದ ಕಂಠಪಾಠದ ಹಾನಿಯನ್ನು ಮೂವತ್ತು ವರ್ಷ ತರಗತಿಯಲ್ಲಿ ನಿಂತವನು ಬಲ್ಲ. ಕಂಠಪಾಠವನ್ನೇ ಕೈಬಿಟ್ಟುದರ ಹಾನಿಯನ್ನೂ ಬಲ್ಲ. ಅರ್ಥವನ್ನು ಮಾತ್ರ ಕಲಿತ ಹುಡುಗನಿಗೆ ಪರೀಕ್ಷೆಯ ಮರುವಾರ ಪದ್ಯವೂ ಇಲ್ಲ, ಅರ್ಥವೂ ಇಲ್ಲ. ಬಾಯಲ್ಲಿ ಪದ್ಯ ಉಳಿದವನಿಗೆ ಅರ್ಥ ನಲವತ್ತನೆಯ ವಯಸ್ಸಿಗಾದರೂ ಬಂದೀತು. ಒಂಟಿತನವೇನೆಂದು ತಿಳಿದ ದಿನ 'ಸ' ಎಂಬ ಎಲೆ ತಾನಾಗಿ ತೆರೆದುಕೊಂಡೀತು.

ಆಟದಲ್ಲಿಯೇ ಇದಕ್ಕೊಂದು ಉತ್ತರವೂ ಇದೆ. ಎಲೆ ಮೊದಲಕ್ಷರಕ್ಕೇ ಹಾರಿಹೋಗಿರಬಹುದು. ಆದರೆ ಓದುಗ ಅಲ್ಲಿಗೆ ನಿಲ್ಲಿಸುವುದಿಲ್ಲ. ಸೋಲು ಗೆಲುವು ತೀರ್ಮಾನವಾದ ಮೇಲೂ ಪದ್ಯ ಕೊನೆಯವರೆಗೆ ಸಾಗುತ್ತದೆ. ಮುಂದಿನ ಪದ್ಯಕ್ಕೆ ಮುನ್ನ ಹಿಂದಿನದರ ಉತ್ತರಾರ್ಧವನ್ನು ಹೇಳಿ, ಒಂದು ಕ್ಷಣ ಮೌನ ಹಿಡಿದು, ಆಮೇಲೆಯೇ ಹೊಸ ಅಕ್ಷರವನ್ನು ನುಡಿಯುತ್ತಾನೆ. ಸುಮಾರು ಎಂಟುನೂರು ವರ್ಷಗಳ ಹಿಂದಿನ ಸಂಕಲನವೊಂದು ಪಂಡಿತರ ಕಪಾಟಿನಲ್ಲಿ ಧೂಳು ಹಿಡಿಯದೆ ಮಕ್ಕಳ ನಾಲಗೆಯ ಮೇಲೆ ಉಳಿದಿರುವುದು ಈ ಆಟದ ಬಲದಿಂದ.