ಕುದುರೆಗೆ ಪ್ರತಿಮೆ, ಸವಾರನಿಗೆ ಮರೆವು

ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ನಗರಕ್ಕೆ ಹೋದವರನ್ನು ಮೊದಲು ಸೆಳೆಯುವುದು ಸುತ್ತಲಿನ ಹುಲ್ಲುಗಾವಲುಗಳು, ಮೈಲುದ್ದದ ಮರದ ಬೇಲಿಗಳು, ಅವುಗಳೊಳಗೆ ಮೇಯುವ ಪಂದ್ಯದ ಕುದುರೆಗಳು. ಸುಣ್ಣಕಲ್ಲಿನ ನೆಲದ ಹುಲ್ಲು ಕುದುರೆಯ ಮೂಳೆಗೆ ಬಲ ನೀಡುತ್ತದೆಂಬುದು ಅಲ್ಲಿನವರ ನಂಬಿಕೆ. ಊರೊಳಗೆ 1780ರಲ್ಲಿ ಸ್ಥಾಪಿತವಾದ ಟ್ರಾನ್ಸಿಲ್ವೇನಿಯಾ ವಿಶ್ವವಿದ್ಯಾಲಯವಿದೆ. ವಿದ್ಯೆಯ ಹಿರಿಮೆಗೂ ಕೊರತೆಯಿಲ್ಲ.

ಈ ಸೀಮೆಯಲ್ಲಿ ಕುದುರೆಗಳ ವಂಶಾವಳಿ ತಲೆಮಾರುಗಳಿಂದ ದಾಖಲಾಗಿದೆ. ಆದರೆ ಅವುಗಳನ್ನು ಸಾಕಿ, ಪಳಗಿಸಿ, ಓಡಿಸಿದ ಕಪ್ಪು ಜನರ ವಿಷಯದಲ್ಲಿ ಇತಿಹಾಸ ಅಷ್ಟು ಉದಾರವಾಗಲಿಲ್ಲ. ಲೂಯಿವಿಲ್‌ನಲ್ಲಿ 1875ರಲ್ಲಿ ನಡೆದ ಮೊದಲ ಕೆಂಟಕಿ ಡರ್ಬಿಯ 15 ಸವಾರರಲ್ಲಿ 13 ಮಂದಿ ಕಪ್ಪು ಜನಾಂಗದವರು. ಲೆಕ್ಸಿಂಗ್ಟನ್ನಿನ ಐಸಾಕ್ ಮರ್ಫಿ 1884, 1890 ಮತ್ತು 1891ರಲ್ಲಿ ಡರ್ಬಿ ಗೆದ್ದವನು. 1896ರಲ್ಲಿ ತೀರಿಕೊಂಡ ಅವನ ಸಮಾಧಿ ಎಲ್ಲಿದೆಯೆಂಬುದೇ ದಶಕಗಳ ಕಾಲ ಮರೆತುಹೋಗಿತ್ತು. ಈಗ ಅವನು ಕೆಂಟಕಿ ಹಾರ್ಸ್ ಪಾರ್ಕಿನಲ್ಲಿ, ಕಂಚಿನ ಪ್ರತಿಮೆಯ ಗೌರವ ಪಡೆದ ‘ಮ್ಯಾನ್ ಓ ವಾರ್’ ಕುದುರೆಯ ಸಮೀಪ ಮಲಗಿದ್ದಾನೆ. ಆ ಕುದುರೆ ಹುಟ್ಟಿದ್ದು 1917ರಲ್ಲಿ. ಅವನು ಅದನ್ನು ಕಂಡವನೇ ಅಲ್ಲ!

ನ್ಯಾಯಾಲಯದ ಹಳೆಯ ಕಟ್ಟಡದ ಪಕ್ಕದ ‘ಚೀಪ್‌ಸೈಡ್’ ಒಂದು ಕಾಲದಲ್ಲಿ ಮನುಷ್ಯರನ್ನು ಹರಾಜು ಹಾಕಿದ ತಾಣ. ವಿದ್ಯಾನಗರಿಯೆಂಬ ಕೀರ್ತಿ ಅದನ್ನು ತಡೆಯಲಿಲ್ಲ. ಗುಲಾಮಗಿರಿಯ ಪರವಾಗಿ ಹೋರಾಡಿದ ದಕ್ಷಿಣದ ಒಕ್ಕೂಟದ ಸೇನಾನಿಗಳ ಪ್ರತಿಮೆಗಳನ್ನು 2017ರಲ್ಲಿ ಅಲ್ಲಿಂದ ತೆಗೆಯಲಾಯಿತು. ಗುಲಾಮನಾಗಿ ಹುಟ್ಟಿ ಹೆಸರಾಂತ ಕಟ್ಟಡ ಗುತ್ತಿಗೆದಾರನಾದ ಹೆನ್ರಿ ಟ್ಯಾಂಡಿಯ ಹೆಸರನ್ನು 2020ರಲ್ಲಿ ಆ ಉದ್ಯಾನಕ್ಕೆ ಇಡಲಾಯಿತು.

ಹೆಸರು ಬದಲಿಸಿದ ಮಾತ್ರಕ್ಕೆ ಹಳೆಯ ಅನ್ಯಾಯ ಅಳಿಯದು, ನಿಜ. ಆದರೂ ಕುದುರೆಯ ಮುತ್ತಾತನನ್ನು ನೆನಪಿಟ್ಟ ಊರು, ಅದರ ಲಗಾಮು ಹಿಡಿದ ಕೈಗಳನ್ನೂ ನೆನೆಯತೊಡಗಿದೆ. ಪ್ರವಾಸಿಗಳು ನೋಡಬೇಕಾದದ್ದು ಇದನ್ನು ಕೂಡ.