ಯಂತ್ರಬುದ್ಧಿ: ಹಲವು ಶಾಸ್ತ್ರಗಳ ಕೂಡುದಾರಿ

ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ 1961ರ ಸುಮಾರಿಗೆ ತಳಿವಿಜ್ಞಾನಿಯೊಬ್ಬರು ಬರಿದಾದ ಬೆಂಕಿಪೆಟ್ಟಿಗೆಗಳನ್ನು ಕೂಡಿಹಾಕತೊಡಗಿದರು. ಅವರ ಹೆಸರು ಡೊನಾಲ್ಡ್ ಮಿಕಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶತ್ರುಗಳ ಗುಪ್ತಸಂದೇಶಗಳನ್ನು ಭೇದಿಸುತ್ತಿದ್ದ ಬ್ಲೆಚ್ಲಿ ಪಾರ್ಕಿನಲ್ಲಿ ಅವರು ಗಣಿತಜ್ಞ ಅಲನ್ ಟ್ಯೂರಿಂಗರ ಒಡನಾಡಿಯಾಗಿದ್ದರು. ಯಂತ್ರವು ತನ್ನ ಅನುಭವದಿಂದಲೇ ಕಲಿಯಬಲ್ಲುದೇ ಎಂಬ ಪ್ರಶ್ನೆ ಅಂದಿನಿಂದಲೂ ಅವರನ್ನು ಕಾಡುತ್ತಿತ್ತು. ಇದನ್ನು ಪರೀಕ್ಷಿಸಲು ಬೇಕಾದ ಗಣಕಯಂತ್ರವು ಆಗ ಅವರ ಕೈಗೆಟುಕುವಂತಿರಲಿಲ್ಲ. ಆದುದರಿಂದ ಅವರು ಬೆಂಕಿಪೆಟ್ಟಿಗೆಗಳಿಂದಲೇ ಒಂದು ಯಂತ್ರವನ್ನು ರಚಿಸಿದರು.

ಒಂಬತ್ತು ಮನೆಗಳ ಚೌಕದಲ್ಲಿ ಸೊನ್ನೆ ಮತ್ತು ಕತ್ತರಿ ಗುರುತುಗಳನ್ನು ಹಾಕಿ ಆಡುವ ಆಟವನ್ನು ಎಲ್ಲ ಮಕ್ಕಳೂ ಬಲ್ಲರು. ಆ ಆಟದಲ್ಲಿ ಯಂತ್ರದ ಸರದಿ ಬಂದಾಗ ಒದಗಬಹುದಾದ ವಿನ್ಯಾಸಗಳನ್ನೆಲ್ಲ ಮಿಕಿ ಪಟ್ಟಿಮಾಡಿದರು. ತಿರುಗಿಸಿ ನೋಡಿದರೆ ಒಂದೇ ಆಗುವ ವಿನ್ಯಾಸಗಳನ್ನು ಒಂದಾಗಿಯೇ ಎಣಿಸಿದಾಗ 304 ಪೆಟ್ಟಿಗೆಗಳು ಸಾಕಾದವು. ಪ್ರತಿಯೊಂದು ಪೆಟ್ಟಿಗೆಯ ಮೇಲೆ ಒಂದೊಂದು ವಿನ್ಯಾಸದ ಚಿತ್ರ. ಒಳಗೆ ಬಗೆಬಗೆಯ ಬಣ್ಣದ ಮಣಿಗಳು. ಒಂದೊಂದು ಬಣ್ಣವೂ ಚೌಕದ ಒಂದೊಂದು ಮನೆಯನ್ನು ಸೂಚಿಸುತ್ತಿತ್ತು. ಪೆಟ್ಟಿಗೆಯನ್ನು ಅಲುಗಾಡಿಸಿದಾಗ ಅದರ ಮುಂದಿನ ಮೂಲೆಗೆ ಯಾವ ಬಣ್ಣದ ಮಣಿ ಉರುಳಿ ನಿಲ್ಲುವುದೋ ಅದೇ ಯಂತ್ರದ ನಡೆ. ಆಟದಲ್ಲಿ ಯಂತ್ರ ಗೆದ್ದರೆ, ಬಳಸಿದ ಪ್ರತಿ ಪೆಟ್ಟಿಗೆಗೂ ಅದೇ ಬಣ್ಣದ ಇನ್ನೂ ಮೂರು ಮಣಿಗಳನ್ನು ಹಾಕುವರು. ಸಮನಾದರೆ ಒಂದು ಮಣಿ. ಸೋತರೆ ಉರುಳಿಬಂದ ಮಣಿಯನ್ನೇ ಕಿತ್ತುಕೊಳ್ಳುವರು. ಹೀಗೆ ಆಡುತ್ತ ಆಡುತ್ತ, ಸೋಲಿಗೆ ಎಡೆಮಾಡಿದ ಮಣಿಗಳು ಕಡಮೆಯಾಗಿ, ಗೆಲುವಿಗೆ ನೆರವಾದ ಮಣಿಗಳು ಹೆಚ್ಚಿದವು. ಮೊದಲಲ್ಲಿ ಎಡವುತ್ತಿದ್ದ ಯಂತ್ರವು ಬರಬರುತ್ತ ನುರಿತ ಆಟಗಾರನಂತೆ ಆಡಿತು. ಅದಕ್ಕೆ ಆಟದ ಉಪಾಯವನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಕಾಗದದ ಪೆಟ್ಟಿಗೆ ಕಲಿಯಿತೆಂದು ಹೇಳುವುದು ಸರಿಯೇ? ಕಲಿಕೆ ಎಂದರೇನು? ಮನಶ್ಶಾಸ್ತ್ರಜ್ಞನು ಇದು ತನ್ನ ಪ್ರಶ್ನೆ ಎನ್ನುವನು. ಮಿದುಳನ್ನು ಪರಿಶೀಲಿಸುವ ಶರೀರಶಾಸ್ತ್ರಜ್ಞನು ತನ್ನದೆನ್ನುವನು. ತರ್ಕಶಾಸ್ತ್ರ, ಭಾಷಾಶಾಸ್ತ್ರ, ತತ್ತ್ವಶಾಸ್ತ್ರಗಳಿಗೂ ಇದರಲ್ಲಿ ಪಾಲುಂಟು. ವಿಶ್ವವಿದ್ಯಾಲಯಗಳಲ್ಲಾದರೋ ಈ ಶಾಸ್ತ್ರಗಳು ಬೇರೆ ಬೇರೆ ಕಟ್ಟಡಗಳಲ್ಲಿ ನೆಲೆಸಿದ್ದು, ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದೇ ಅಪರೂಪ.

ಈ ಗೋಡೆಗಳನ್ನು ದಾಟುವ ಪ್ರಯತ್ನವೂ ಎಡಿನ್‌ಬರೋದಲ್ಲಿ ನಡೆಯಿತು. ಅಲ್ಲಿಯ ವಿಶ್ವವಿದ್ಯಾಲಯವು 1966ರಲ್ಲಿ ಯಂತ್ರಬುದ್ಧಿ ಮತ್ತು ಗ್ರಹಣಶಕ್ತಿಗಳ ಅಧ್ಯಯನಕ್ಕಾಗಿಯೇ ಒಂದು ವಿಭಾಗವನ್ನು ತೆರೆಯಿತು. ಮಿಕಿಯವರೊಡನೆ ಕೇಂಬ್ರಿಜ್‌ನಿಂದ ಇಬ್ಬರು ಬಂದು ಸೇರಿದರು. ರಿಚರ್ಡ್ ಗ್ರೆಗರಿ, ಕಣ್ಣು ಕಂಡದ್ದನ್ನು ಮನಸ್ಸು ಹೇಗೆ ಅರ್ಥಮಾಡಿಕೊಳ್ಳುವುದೆಂದು ಶೋಧಿಸುತ್ತಿದ್ದ ಮನಶ್ಶಾಸ್ತ್ರಜ್ಞರು. ಕ್ರಿಸ್ಟೊಫರ್ ಲಾಂಗೆ-ಹಿಗಿನ್ಸ್, ಸೈದ್ಧಾಂತಿಕ ರಸಾಯನಶಾಸ್ತ್ರದಲ್ಲಿ ದೊಡ್ಡ ಹೆಸರು ಪಡೆದಿದ್ದ ಪ್ರಾಧ್ಯಾಪಕರು, ಸಂಗೀತದಲ್ಲಿಯೂ ಪರಿಣತರು. ಹೊಸದೊಂದು ಪ್ರಶ್ನೆಗಾಗಿ ಗಳಿಸಿದ ಪೀಠವನ್ನು ಬಿಟ್ಟು ಬರುವುದು ಸಾಮಾನ್ಯವಾದ ಧೈರ್ಯವಲ್ಲ.

ಆದರೆ ಒಂದೇ ಸೂರಿನಡಿ ಕುಳಿತ ಮಾತ್ರಕ್ಕೆ ಗುರಿ ಒಂದಾಗುವುದಿಲ್ಲ. ಬುದ್ಧಿಯುಳ್ಳ ಯಂತ್ರವನ್ನು ಕಟ್ಟಬೇಕೆಂಬುದು ಮಿಕಿಯವರ ಹಂಬಲವಾದರೆ, ಮನುಷ್ಯನ ಮನಸ್ಸನ್ನು ಅರಿಯಬೇಕೆಂಬುದು ಲಾಂಗೆ-ಹಿಗಿನ್ಸರ ಒಲವು. ಗ್ರೆಗರಿಯವರು 1970ರಲ್ಲಿ ಬ್ರಿಸ್ಟಲ್‌ಗೆ ತೆರಳಿದರು. ಮಿಕಿಯವರ ತಂಡವು ಕ್ಯಾಮರಾ ಕಣ್ಣನ್ನೂ ಯಾಂತ್ರಿಕ ಕೈಯನ್ನೂ ಪಡೆದ ಫ್ರೆಡ್ಡಿ ಎಂಬ ರೋಬೋಟನ್ನು ನಿರ್ಮಿಸಿತು. ರಾಶಿಯಾಗಿ ಬಿದ್ದಿದ್ದ ಮರದ ಬಿಡಿಭಾಗಗಳನ್ನು ಒಂದೊಂದಾಗಿ ಗುರುತಿಸಿ, ಅವನ್ನು ಜೋಡಿಸಿ, ಅದು ಆಟಿಕೆಯ ಕಾರನ್ನು ಸಿದ್ಧಪಡಿಸಬಲ್ಲುದಾಗಿತ್ತು.

ಅಷ್ಟರಲ್ಲಿಯೇ ಪೆಟ್ಟು ಬಿದ್ದಿತು. ಬ್ರಿಟನ್ನಿನ ವಿಜ್ಞಾನ ಸಂಶೋಧನಾ ಮಂಡಲಿಯು ಈ ಕ್ಷೇತ್ರದ ಗುಣದೋಷಗಳನ್ನು ವಿಮರ್ಶಿಸುವಂತೆ ಗಣಿತಜ್ಞ ಜೇಮ್ಸ್ ಲೈಟ್‌ಹಿಲ್‌ರನ್ನು ಕೇಳಿತ್ತು. ಅವರ ವರದಿ 1973ರಲ್ಲಿ ಪ್ರಕಟವಾಯಿತು. ಕೈಗಾರಿಕೆಗಳಿಗೆ ಬೇಕಾದ ಸ್ವಯಂಚಾಲನೆ ಒಂದು ದಡ. ಮಿದುಳಿನ ಅಧ್ಯಯನ ಇನ್ನೊಂದು ದಡ. ಎರಡೂ ಯೋಗ್ಯವಾದ ಕೆಲಸಗಳೇ. ಆದರೆ ಇವೆರಡರ ನಡುವೆ ಸೇತುವೆಯಾಗುವೆವೆಂದು ರೋಬೋಟುಗಳನ್ನು ಕಟ್ಟುವವರ ಸಾಧನೆ ಅವರ ಮಾತಿಗೆ ತಕ್ಕಂತಿಲ್ಲ ಎಂಬುದು ವರದಿಯ ಸಾರ. ಮಿಕಿ ಮತ್ತು ಗ್ರೆಗರಿ ದೂರದರ್ಶನದ ಚರ್ಚೆಯೊಂದರಲ್ಲಿ ಲೈಟ್‌ಹಿಲ್‌ರಿಗೆ ಎದುರಾಗಿ ವಾದಿಸಿದರೂ ಫಲವಾಗಲಿಲ್ಲ. ಬ್ರಿಟನ್ನಿನಲ್ಲಿ ಈ ಸಂಶೋಧನೆಗೆ ದೊರೆಯುತ್ತಿದ್ದ ಹಣ ಬಹಳವಾಗಿ ಇಳಿದುಹೋಯಿತು.

ಲೈಟ್‌ಹಿಲ್‌ರ ಆಕ್ಷೇಪಣೆ ಬರಿಯ ಮತ್ಸರದ ಮಾತಾಗಿರಲಿಲ್ಲವೆಂಬುದನ್ನು ಒಪ್ಪಬೇಕು. ಯಾವುದಾದರೂ ಆಟದಲ್ಲಿ ಒಂದೊಂದು ಹೆಜ್ಜೆಗೂ ಹತ್ತು ದಾರಿಗಳಿದ್ದರೆ, ಆರು ಹೆಜ್ಜೆಗಳಲ್ಲಿ ಹತ್ತು ಲಕ್ಷ ದಾರಿಗಳಾಗುವುವು. ಹನ್ನೆರಡು ಹೆಜ್ಜೆಗಳಲ್ಲಿ ಒಂದು ಲಕ್ಷ ಕೋಟಿ. 304 ಪೆಟ್ಟಿಗೆಗಳಲ್ಲಿ ಮುಗಿಯುವ ಆಟದ ಉಪಾಯವು ನಿಜಜಗತ್ತಿಗೆ ಹೇಗೆ ಸಾಲುವುದು? ಈ ಕಷ್ಟ ವಾಸ್ತವವಾದುದು. ಸೇತುವೆಯೇ ಅನಾವಶ್ಯಕವೆಂದು ಅದರಿಂದ ತೀರ್ಮಾನಿಸಿದುದು ಮಾತ್ರ ಅವಸರದ ಮಾತಾಯಿತು.

ಆ ವರದಿಗೆ ಬರೆದ ಟಿಪ್ಪಣಿಯಲ್ಲಿಯೇ ಲಾಂಗೆ-ಹಿಗಿನ್ಸ್ ಈ ಅಧ್ಯಯನಗಳಿಗೆ ಅರಿವಿನ ವಿಜ್ಞಾನ ಎಂಬ ಅರ್ಥ ಕೊಡುವ ಇಂಗ್ಲಿಷ್ ಹೆಸರೊಂದನ್ನು ಸೂಚಿಸಿದರು. ಆ ಹೆಸರು ಮುಂದೆ ಲೋಕದಲ್ಲೆಲ್ಲ ನೆಲೆನಿಂತಿತು. ಅವರ ಬಳಿ ಆಗ ಜೆಫ್ರಿ ಹಿಂಟನ್ ಎಂಬ ವಿದ್ಯಾರ್ಥಿ ಸಂಶೋಧನೆ ನಡೆಸುತ್ತಿದ್ದರು. ಹಿಂಟನ್ ಕೇಂಬ್ರಿಜ್‌ನಲ್ಲಿ ಭೌತಶಾಸ್ತ್ರ, ಶರೀರಶಾಸ್ತ್ರ, ತತ್ತ್ವಶಾಸ್ತ್ರಗಳ ಬಾಗಿಲನ್ನು ತಟ್ಟಿ, ಕೊನೆಗೆ 1970ರಲ್ಲಿ ಮನಶ್ಶಾಸ್ತ್ರದಲ್ಲಿ ಪದವಿ ಪಡೆದವರು. ಕೆಲಕಾಲ ಬಡಗಿಯ ಕೆಲಸವನ್ನೂ ಮಾಡಿದವರು. ಇಂತಹ ಅಲೆದಾಟವನ್ನು ನಮ್ಮ ಹಿರಿಯರು ಸಾಮಾನ್ಯವಾಗಿ ಮೆಚ್ಚುವುದಿಲ್ಲ. ಮಿದುಳಿನ ನರಕೋಶಗಳ ಜಾಲದಂತೆ ಗಣಕದಲ್ಲಿಯೂ ಜಾಲವೊಂದನ್ನು ಹೆಣೆಯಬೇಕೆಂಬುದು ಅವರ ಛಲ. ಆ ಕಾಲದಲ್ಲಿ ಇದು ಅನೇಕರಿಗೆ ಕೈಬಿಟ್ಟ ದಾರಿಯಾಗಿ ಕಂಡಿತ್ತು. ಆದರೂ ಅವರು 1978ರಲ್ಲಿ ಎಡಿನ್‌ಬರೋದಿಂದ ಡಾಕ್ಟರೇಟ್ ಪಡೆದರು.

ಮನಶ್ಶಾಸ್ತ್ರಜ್ಞ ಡೇವಿಡ್ ರುಮೆಲ್‌ಹಾರ್ಟ್ ಹಾಗೂ ರೊನಾಲ್ಡ್ ವಿಲಿಯಮ್ಸ್ ಅವರೊಡನೆ ಹಿಂಟನ್ 1986ರಲ್ಲಿ ಪ್ರಕಟಿಸಿದ ಲೇಖನವು ಇಂತಹ ಜಾಲಗಳು ಕಲಿಯುವ ವಿಧಾನವನ್ನು ವಿವರಿಸಿತು. ಜಾಲವು ತಪ್ಪು ಉತ್ತರ ಕೊಟ್ಟಾಗ ಆ ತಪ್ಪು ಎಷ್ಟೆಂದು ಅಳೆಯುವರು. ಬಳಿಕ ತುದಿಯಿಂದ ಮೊದಲಿನತ್ತ ಹಿಂದಿರುಗಿ, ಯಾವ ಕೊಂಡಿ ಆ ತಪ್ಪಿಗೆ ಎಷ್ಟರಮಟ್ಟಿಗೆ ಹೊಣೆಯೆಂದು ಲೆಕ್ಕಹಾಕಿ, ಅದರ ಬಲವನ್ನು ಅಷ್ಟಷ್ಟೇ ತಿದ್ದುವರು. ಬೆಂಕಿಪೆಟ್ಟಿಗೆಯ ಯಂತ್ರಕ್ಕೆ ಸೋಲುಗೆಲುವುಗಳಷ್ಟೇ ತಿಳಿಯುತ್ತಿದ್ದವು. ಇಲ್ಲಿ ಪ್ರತಿಯೊಂದು ಕೊಂಡಿಗೂ ಅದರದೇ ಆದ ಲೆಕ್ಕ ಸಿಗುತ್ತದೆ.

ಯಂತ್ರಬುದ್ಧಿಯ ಪಾಠವು ಈಗ ಗಣಕವಿಜ್ಞಾನದ ಕೊಠಡಿಯಲ್ಲಿ ಮಾತ್ರ ನಡೆಯುವುದಿಲ್ಲ. ಕನ್ನಡದ ‘ಬಂದಿದ್ದರಂತೆ’ ಎಂಬ ಒಂದು ಪದವನ್ನು ನೋಡಿ. ಬರುವ ಕ್ರಿಯೆ, ಅದು ನಡೆದ ಕಾಲ, ಬಂದವರ ಬಹುವಚನ ಅಥವಾ ಗೌರವ, ಕೊನೆಗೆ ಹೇಳುವವನು ತಾನೇ ಕಂಡಿಲ್ಲ, ಇನ್ನೊಬ್ಬರಿಂದ ಕೇಳಿದ್ದಾನೆ ಎಂಬ ಸಂಗತಿ, ಇಷ್ಟೂ ಅದರಲ್ಲಿ ಅಡಗಿದೆ. ಯಂತ್ರವು ಇದನ್ನು ಬೇರೆ ಭಾಷೆಗೆ ತಿರುಗಿಸುವಾಗ ಕೊನೆಯ ‘ಅಂತೆ’ಯನ್ನು ನುಂಗಿಬಿಟ್ಟರೆ, ಗಾಳಿಮಾತು ಸಾಕ್ಷ್ಯವಾಗಿಬಿಡುವುದು. ಆ ದೋಷವನ್ನು ಕಂಡುಹಿಡಿಯಲು ವ್ಯಾಕರಣ ಬಲ್ಲವರೇ ಬೇಕು. ಎಕ್ಸ್‌ರೇ ಚಿತ್ರವನ್ನು ಪರಿಶೀಲಿಸುವ ಯಂತ್ರದ ತಪ್ಪನ್ನು ವೈದ್ಯರೇ ಗುರುತಿಸಬೇಕು. ಆ ತಪ್ಪಿನಿಂದ ರೋಗಿಗೆ ಕೇಡಾದರೆ ಹೊಣೆ ಯಾರದೆಂಬುದನ್ನು ನ್ಯಾಯಶಾಸ್ತ್ರವು ಚರ್ಚಿಸಬೇಕು.

ಇದಕ್ಕೆ ತಕ್ಕ ಏರ್ಪಾಡುಗಳು ಒಂದೇ ಬಗೆಯಾಗಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವು 1986ರಲ್ಲಿ ಗಣಕವಿಜ್ಞಾನ, ತತ್ತ್ವಶಾಸ್ತ್ರ, ಭಾಷಾಶಾಸ್ತ್ರ, ಮನಶ್ಶಾಸ್ತ್ರಗಳನ್ನು ಬೆಸೆದ ಪದವಿ ಪಾಠಕ್ರಮವನ್ನು ಆರಂಭಿಸಿತು. ಹೈದರಾಬಾದಿನ ಐಐಟಿಯು 2019ರಲ್ಲಿ ಯಂತ್ರಬುದ್ಧಿಗೆಂದೇ ಪ್ರತ್ಯೇಕ ಬಿ.ಟೆಕ್. ಪದವಿಯನ್ನು ತೆರೆಯಿತು. ಎಡಿನ್‌ಬರೋದಲ್ಲಿ ಯಂತ್ರಬುದ್ಧಿ, ಅರಿವಿನ ವಿಜ್ಞಾನ ಮತ್ತು ಗಣಕವಿಜ್ಞಾನಗಳ ವಿಭಾಗಗಳು 1998ರಲ್ಲಿ ಒಂದೇ ಶಾಲೆಯಾಗಿ ಕೂಡಿಕೊಂಡವು.

ಹಿಂಟನ್ನರಿಗೆ 2024ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಜೀವಶಾಸ್ತ್ರದತ್ತ ಒಲಿದ ಭೌತವಿಜ್ಞಾನಿ ಜಾನ್ ಹಾಪ್‌ಫೀಲ್ಡ್ ಅದನ್ನು ಅವರೊಡನೆ ಹಂಚಿಕೊಂಡರು. ಅದೇ ವರ್ಷ ಪ್ರೋಟೀನುಗಳ ಆಕಾರವನ್ನು ಯಂತ್ರಬುದ್ಧಿಯಿಂದ ಊಹಿಸಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಂದಿತು. ಹಸಾಬಿಸರು ಡಾಕ್ಟರೇಟ್ ಪಡೆದಿದ್ದುದು ಮಿದುಳಿನ ವಿಜ್ಞಾನದಲ್ಲಿ. ಮನಶ್ಶಾಸ್ತ್ರದ ಪದವೀಧರರಾದ ಹಿಂಟನ್ನರಿಗೆ ಸಂದ ಪಾರಿತೋಷಕವಾದರೋ ಭೌತಶಾಸ್ತ್ರದ್ದು.